ಕ್ರಾಕೋವ್‌ನಲ್ಲಿ ಎರಡು ದಿನ, ಜೊತೆಗೆ ಅಪ್ಪ ಅಮ್ಮ: ಯಾವ ಚರ್ಚು, ಯಾವ ಸಿನಗಾಗ್?

ಬೆಣ್ಣೆದೋಸೆ_ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾನು ಬರ್ಲಿನ್‌ನಲ್ಲಿದ್ದೇನೆ, ಅಪ್ಪ ಅಮ್ಮ ಮೊದಲ ಸಲ ಬಂದಿದ್ದಾರೆ. ಅಕ್ಟೋಬರ್ ಎರಡನೇ ವಾರ ಶನಿವಾರ, ಭಾನುವಾರ ಪೋಲೆಂಡಿನ ಕ್ರಾಕೋವ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಪ್ಪ ರಿಟೈರ್ಡ್ ಹಿಸ್ಟರಿ ಮೇಷ್ಟ್ರು, ಹಳೇ ಕಟ್ಟಡ ಕಂಡರೆ ಊಟ ಮರೆಯುತ್ತಾರೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಆಗಲ್ಲ. ಆದರೆ ಯಾವ ದೇವರ ಮನೆಯಾದರೂ ಸರಿ, ಹತ್ತು ನಿಮಿಷ ಸುಮ್ನೆ ಕೂರೋಕೆ ಜಾಗ ಸಿಕ್ಕರೆ ಅವರಿಗೆ ಖುಷಿ.

ನನ್ನ ಪ್ಲಾನ್: ಶನಿವಾರ ಪೂರ್ತಿ ಕಾಜಿಮ್ಯೆಶ್ ಅನ್ನುವ ಹಳೇ ಯಹೂದಿ ಬಡಾವಣೆಯ ಸಿನಗಾಗ್‌ಗಳು, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳು. ಭಾನುವಾರ ಬೆಳಗ್ಗೆ ಸೇಂಟ್ ಮೇರಿ ಚರ್ಚು, ಆಮೇಲೆ ವಾವೆಲ್ ಬೆಟ್ಟದ ಕೆಥೆಡ್ರಲ್. ಮಧ್ಯ ಎಲ್ಲಾದರೂ ನಾಜಿಗಳ ಸಾವಿನ ಶಿಬಿರವಿದ್ದ ಆಶ್‌ವಿಟ್ಜ್ ತುರುಕಬಹುದಾ? ಚಪ್ಪಲಿ ಬಿಡಬೇಕಾ, ತಲೆ ಮುಚ್ಚಬೇಕಾ, ಪ್ರಸಾದ ಏನಾದರೂ ಕೊಟ್ಟರೆ ತಗೋಬಹುದಾ ಅಂತ ಅಮ್ಮ ದಿನಕ್ಕೆ ಮೂರು ಸಲ ಕೇಳುತ್ತಿದ್ದಾರೆ. ಹೋಗಿ ಬಂದವರು ಹೇಳಿ, ಪ್ಲೀಸ್.

ರಾತ್ರಿಪಾಳಿ

ಗುರುಗಳೇ, ಮೊದಲು ಆ ಪ್ಲಾನ್ ತಲೆಕೆಳಗು ಮಾಡಿ. ಶನಿವಾರ ಯಹೂದಿಗಳ ಸಬ್ಬತ್, ಅಂದರೆ ವಾರದ ಪವಿತ್ರ ವಿಶ್ರಾಂತಿ ದಿನ. ಪೂಜೆ ನಡೆಯುವ ಸಿನಗಾಗ್‌ಗಳು ಪ್ರವಾಸಿಗರಿಗೆ ಮುಚ್ಚಿರುತ್ತವೆ, ಶುಕ್ರವಾರ ಸಂಜೆಯಿಂದಲೇ. ಭಾನುವಾರ ಬೆಳಗ್ಗೆ ಚರ್ಚುಗಳಲ್ಲಿ ಒಂದರ ಹಿಂದೆ ಒಂದು ಪೂಜೆ, ಆಗ ಸುತ್ತಾಡಿ ಫೋಟೋ ತೆಗೆಯುವವರನ್ನು ಒಳಗೆ ಬಿಡುವುದಿಲ್ಲ. ನಿಮ್ಮ ಪ್ಲಾನ್ ಪ್ರಕಾರ ಎರಡೂ ದಿನ ಬೀಗ ನೋಡಿ ಬರುತ್ತೀರಿ. ಶನಿವಾರ ಚರ್ಚು, ಭಾನುವಾರ ಸಿನಗಾಗ್, ಅಷ್ಟೇ. ನಾನು ಕ್ರಾಕೋವ್‌ಗೆ ಬಂದ ಹೊಸದರಲ್ಲಿ ಇದೇ ತಪ್ಪು ಮಾಡಿ ಮಳೆಯಲ್ಲಿ ಶೆರೋಕಾ ಬೀದಿಯಲ್ಲಿ ನಿಂತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ, ಅಕ್ಟೋಬರ್ ಅಂದಿರಿ. ಯಹೂದಿಗಳ ದೊಡ್ಡ ಹಬ್ಬಗಳಲ್ಲಿ ಹಲವು ಸೆಪ್ಟೆಂಬರ್, ಅಕ್ಟೋಬರ್ ಸುಮಾರಿಗೇ ಬರುತ್ತವೆ, ಆಗಲೂ ಬಾಗಿಲು ಹಾಕಿರುತ್ತಾರೆ. ಅವರದ್ದೂ ಚಂದ್ರನ ಲೆಕ್ಕದ ಪಂಚಾಂಗ, ನಮ್ಮ ಅಧಿಕ ಮಾಸದ ಹಾಗೇ ಅವರಿಗೂ ಕೆಲವು ವರ್ಷ ಒಂದು ತಿಂಗಳು ಜಾಸ್ತಿ. ಹಾಗಾಗಿ ತಾರೀಖು ವರ್ಷ ವರ್ಷ ಜರುಗುತ್ತದೆ. ನಿಮ್ಮ ಭಾನುವಾರ ಹಬ್ಬವಾ ಅಂತ ಮೊದಲೇ ನೋಡಿಕೊಳ್ಳಿ.

ಶನಿವಾರಕ್ಕೆ ಹೀಗೆ ಮಾಡಿ. ಹನ್ನೊಂದೂವರೆ ಹೊತ್ತಿಗೆ ರಿನೆಕ್‌ನಲ್ಲಿರಿ, ಅದೇ ಊರ ನಡುವಿನ ದೊಡ್ಡ ಚೌಕ. ಸೇಂಟ್ ಮೇರಿ ಚರ್ಚಿನ ಮುಂದಿನ ಬಾಗಿಲು ಪ್ರಾರ್ಥನೆಗೆ ಬರುವವರಿಗೆ. ನೋಡೋಕೆ ಬಂದವರು ಪಕ್ಕದ ಪುಟ್ಟ ಚೌಕದಲ್ಲಿ ಟಿಕೆಟ್ ತಗೊಂಡು ಬದಿ ಬಾಗಿಲಿಂದ ಹೋಗಬೇಕು. ಇಷ್ಟು ಬೇಗ ಯಾಕೆ ಅಂದರೆ 11:50ಕ್ಕೆ ಅಲ್ಲಿನ ಮರದ ಆಲ್ಟರ್ ತೆರೆಯುತ್ತಾರೆ, ಪೂಜಾಪೀಠದ ಹಿಂದಿನ ಬಾಗಿಲಿರುವ ದೊಡ್ಡ ಕೆತ್ತನೆ ಅದು. ಫೈಟ್ ಷ್ಟೋಸ್ ಅನ್ನುವ ಶಿಲ್ಪಿ 1477ರಿಂದ 1489ರವರೆಗೆ, ಹನ್ನೆರಡು ವರ್ಷ ಕೂತು ಮಾಡಿದ್ದು. ಎತ್ತರ ಸುಮಾರು 13 ಮೀಟರ್. ಒಬ್ಬರು ಸಿಸ್ಟರ್ ಉದ್ದದ ಕೋಲು ಹಿಡಿದು ಬರುತ್ತಾರೆ, ಒಂದು ರೆಕ್ಕೆ ಆ ಕಡೆ, ಒಂದು ಈ ಕಡೆ, ನಿಧಾನಕ್ಕೆ ತೆರೆಯುತ್ತಾರೆ, ಒಳಗಿನ ಚಿನ್ನದ ಬಣ್ಣ ಒಮ್ಮೆಲೇ ಹೊರಗೆ ಬರುತ್ತದೆ. ಗರ್ಭಗುಡಿಯ ಪರದೆ ಸರಿಸಿದ ಹಾಗೆ, ನಿಮ್ಮ ಅಮ್ಮ ಕೈ ಮುಗಿಯುವುದು ಗ್ಯಾರಂಟಿ. ಮಧ್ಯದಲ್ಲಿ ಮೇರಿ ಕುಸಿಯುತ್ತಿದ್ದಾಳೆ, ಸುತ್ತ ಶಿಷ್ಯರು ನಿಂತಿದ್ದಾರೆ. ಅವಳನ್ನು ಹಿಡಿದುಕೊಂಡವನ ಕೈ ನೋಡಿ, ಮರದಲ್ಲಿ ನರ ಉಬ್ಬಿದ್ದು ಕಾಣುತ್ತದೆ. ಯುದ್ಧದ ಕಾಲದಲ್ಲಿ ನಾಜಿಗಳು ಇಡೀ ಆಲ್ಟರ್ ಬಿಚ್ಚಿ ನ್ಯೂರೆಂಬರ್ಗ್‌ಗೆ ಸಾಗಿಸಿದ್ದರು, 1946ರಲ್ಲಿ ವಾಪಸ್ ಬಂತು.

ಅದಾದ ಮೇಲೆ ಹೊರಗೆ ಓಡಿ ಬಂದು ತಲೆ ಎತ್ತಿ ನಿಲ್ಲಿ. ಗಂಟೆಗೊಮ್ಮೆ ದೊಡ್ಡ ಗೋಪುರದಿಂದ ಕಹಳೆ ಊದುತ್ತಾರೆ, ಹೇಯ್ನಾವ್ ಅಂತ ಹೆಸರು. ನಾಲ್ಕು ದಿಕ್ಕಿಗೆ ನಾಲ್ಕು ಸಲ, ಪ್ರತಿ ಸಲವೂ ರಾಗ ಅರ್ಧಕ್ಕೇ ಕಟ್. 1241ರಲ್ಲಿ ತಾತಾರ ದಾಳಿಕೋರರು ಬಂದಾಗ ಊದುತ್ತಿದ್ದವನ ಗಂಟಲಿಗೆ ಬಾಣ ತಾಗಿತು ಅಂತ ಕತೆ. ಕತೆ ಅಷ್ಟೇ, ಅಪ್ಪ ಹಿಸ್ಟರಿ ಮೇಷ್ಟ್ರು ಅಂದಿರಲ್ಲ, ಜಗಳ ಆಡಿಬಿಟ್ಟಾರು. ಊದುವವರು ಫೈರ್ ಬ್ರಿಗೇಡ್‌ನವರು, ಮುಗಿದ ಮೇಲೆ ಕೆಳಗಿನವರಿಗೆ ಕೈ ಬೀಸುತ್ತಾರೆ, ನೀವೂ ಬೀಸಿ.

ಆಶ್‌ವಿಟ್ಜ್ ಮಧ್ಯದಲ್ಲಿ ತುರುಕೋ ಜಾಗ ಅಲ್ಲ. ಊರಿಂದ 60-70 ಕಿಲೋಮೀಟರ್, ಮೊದಲೇ ಬುಕ್ ಮಾಡಿರಬೇಕು, ಇಡೀ ದಿನ ಬೇಕು. ಬಂದ ಮೇಲೆ ಇನ್ನೇನೂ ನೋಡೋ ಮನಸ್ಸೂ ಇರಲ್ಲ. ಈ ಸಲ ಬಿಡಿ.

ಕುಡ್ಲದ_ಕಾಫಿ

ಮಾರಾಯ್ರೆ, ಪ್ರಸಾದದ ಪ್ರಶ್ನೆಗೆ ನಾನೇ ಉತ್ತರ ಹೇಳುತ್ತೇನೆ, ನಾನು ಮಂಗಳೂರಿನ ಕ್ಯಾಥೊಲಿಕ್. ಪೂಜೆಯ ಕೊನೆ ಕಡೆಗೆ ಜನ ಎದ್ದು ಸಾಲು ನಿಲ್ಲುತ್ತಾರೆ, ಪಾದ್ರಿ ಬಿಳಿ ರೊಟ್ಟಿಯ ಸಣ್ಣ ಬಿಲ್ಲೆ ಕೊಡುತ್ತಾರೆ. ನಾವು ಕನ್ನಡದಲ್ಲಿ ಪರಮಪ್ರಸಾದ ಅನ್ನುವುದರಿಂದ ಎಲ್ಲರಿಗೂ ಗೊಂದಲ. ಅದು ದೇವಸ್ಥಾನದ ಪ್ರಸಾದದ ಹಾಗೆ ಬಂದವರಿಗೆಲ್ಲ ಹಂಚುವುದಲ್ಲ, ಕ್ಯಾಥೊಲಿಕರಿಗೆ ಮಾತ್ರ. ಅಮ್ಮ ಬೆಂಚಿನಲ್ಲೇ ಕೂತಿರಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನನ್ನ ಜೊತೆ ಬಂದಿದ್ದ ಗೆಳೆಯ ಒಬ್ಬ ಭಕ್ತಿಯಿಂದ ಸಾಲಲ್ಲಿ ನಿಂತು, ತಗೊಂಡು, ಅರ್ಧ ಮುರಿದು ಕರ್ಚೀಫಿನಲ್ಲಿ ಕಟ್ಟಿದ, ಹೆಂಡತಿಗೆ ಅಂತೆ. ಪಾದ್ರಿ ಸಾಲು ಬಿಟ್ಟು ಇವನ ಹಿಂದೆಯೇ ಬಂದರು. ಆ ಬಿಲ್ಲೆ ನಮಗೆ ಕ್ರಿಸ್ತನ ಶರೀರವೇ, ಕಟ್ಟಿಕೊಂಡು ಹೋಗುವಂತಿಲ್ಲ. ಪಾಪ ಅವನಿಗೇನು ಗೊತ್ತು.

ಚಪ್ಪಲಿ ಎಲ್ಲೂ ಬಿಡುವುದು ಬೇಡ. ತಲೆ ವಿಷಯ ಮಾತ್ರ ನೆನಪಿಡಿ, ಎರಡು ಕಡೆ ಎರಡು ಥರ: ಚರ್ಚಿನೊಳಗೆ ಗಂಡಸರು ಟೋಪಿ ತೆಗೆಯಬೇಕು, ಸಿನಗಾಗ್ ಒಳಗೆ ಹಾಕಬೇಕು. ಅಕ್ಟೋಬರ್ ಚಳಿಗೆ ಅಪ್ಪ ಮಂಕಿ ಟೋಪಿ ಹಾಕುವವರಾದರೆ ಎರಡು ದಿನ ಅದೇ ಕೆಲಸ, ತೆಗಿ, ಹಾಕು. ಟೋಪಿ ಇಲ್ಲದಿದ್ದರೆ ಸಿನಗಾಗ್ ಬಾಗಿಲಲ್ಲೇ ಕಿಪ್ಪಾ ಕೊಡುತ್ತಾರೆ, ನೆತ್ತಿಯ ಮೇಲಿಡುವ ಸಣ್ಣ ಟೋಪಿ, ಬೋಳು ತಲೆಯಿಂದ ಜಾರುತ್ತದೆ, ಅನುಭವ.

ಸೇಂಟ್ ಮೇರಿ ದೊಡ್ಡದೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಇಷ್ಟವಾದದ್ದು ಫ್ರಾನ್ಸಿಸ್ಕನ್ ಚರ್ಚು. ಚೌಕದಿಂದ ಐದು ನಿಮಿಷ, ಟಿಕೆಟ್ ಇಲ್ಲ, ಮೆಟ್ಟಿಲ ಕಾಟವೂ ಇಲ್ಲ. ವಿಸ್ಪ್ಯಾನ್‌ಸ್ಕಿ ಅನ್ನುವ ಕಲಾವಿದ 1895ರಲ್ಲಿ ಒಳಗೋಡೆಯ ತುಂಬಾ ಹೂ ಬಿಡಿಸಿದ್ದಾನೆ. ಚರ್ಚಿನ ಗೋಡೆ ಅಂದರೆ ಸಂತರೇ ಇರಬೇಕು ಅಂತ ನಾನು ಅಲೋಶಿಯಸ್ ಚಾಪೆಲ್ ನೋಡಿ ಬೆಳೆದವ, ಇಲ್ಲಿ ನೋಡಿದರೆ ಹೊಲದ ಬದಿಯ ಹೂಗಳು, ಲಿಲಿ, ಗುಲಾಬಿ, ರಂಗೋಲಿ ಥರದ ಗೆರೆ. ಕೂತು ನೋಡಿ, ಅವಸರ ಬೇಡ. ಹೊರಡುವಾಗ ಬಾಗಿಲ ಕಡೆ ತಿರುಗಿದರೆ ಮೇಲೆ ದೊಡ್ಡ ಬಣ್ಣದ ಗಾಜಿನ ಕಿಟಕಿ, ದೇವರು ಕೈ ಚಾಚಿ ಲೋಕಕ್ಕೆ "ಆಗು" ಅನ್ನುತ್ತಿದ್ದಾನೆ. ಬರುವಾಗ ಅದು ಬೆನ್ನ ಹಿಂದೆ ಇರುತ್ತದೆ, ಅದಕ್ಕೇ ಅರ್ಧ ಜನ ನೋಡದೇ ಹೋಗುತ್ತಾರೆ. ಮಧ್ಯಾಹ್ನದ ಮೇಲೆ ಹೋಗಿ, ಪಶ್ಚಿಮದ ಬಿಸಿಲು ಅದರ ಮೂಲಕ ಬರುತ್ತದೆ.

ವಾವೆಲ್ ಕೆಥೆಡ್ರಲ್ ರಾಜರ ಸಮಾಧಿಗಳ ಜಾಗ, ಅಪ್ಪನಿಗೆ ಸರಿ. ಅಲ್ಲಿನ ಗೋಪುರದಲ್ಲಿ 1520ರ ಸಿಗ್ಮಂಡ್ ಗಂಟೆ ಇದೆ, ಬಾರಿಸೋಕೆ ಹನ್ನೆರಡು ಜನ ಬೇಕು. ಹತ್ತುವ ದಾರಿ ಮರದ ಇಕ್ಕಟ್ಟು ಮೆಟ್ಟಿಲು, ಅಮ್ಮ ಕೆಳಗೆ ಇರಲಿ.

ಗೊಂಬೆಮನೆ

ನಾನು ಅತ್ತೆಯವರ ಜೊತೆ ಹೋಗಿದ್ದೆ, ಅವರಿಗೂ ಮಂಡಿ ನೋವು. ರಿನೆಕ್‌ನಿಂದ ಕಾಜಿಮ್ಯೆಶ್‌ಗೆ ನಡೆದರೆ ಇಪ್ಪತ್ತು ನಿಮಿಷ ಅನ್ನುತ್ತಾರೆ, ಅತ್ತೆ ಜೊತೆ ಐವತ್ತಾಯಿತು. ಟ್ರಾಮ್ ಹಿಡಿಯಿರಿ.

ಏಳು ಸಿನಗಾಗ್ ಉಳಿದಿವೆ. ಏಳೂ ನೋಡಬೇಕು ಅಂತ ಹಟ ಬೇಡ. ರೆಮು ಮೊದಲು ನೋಡಿ, 1550ರ ದಶಕದ್ದು, ತುಂಬಾ ಚಿಕ್ಕದು, ಇವತ್ತಿಗೂ ಪ್ರಾರ್ಥನೆ ನಡೆಯುವ ಜಾಗ. ಹಿಂದೆ ಹಳೇ ಸ್ಮಶಾನ. ಮೋಶೆ ಇಸ್ಸರ್ಲೆಸ್ ಅನ್ನುವ ದೊಡ್ಡ ಪಂಡಿತರ ಸಮಾಧಿ ಅಲ್ಲಿದೆ, 1572ರಲ್ಲಿ ತೀರಿಕೊಂಡವರು. ಜೋಸೆಫ್ ಕಾರೋ ಎಂಬವರು ಯಹೂದಿ ಆಚಾರಗಳನ್ನೆಲ್ಲ ಒಟ್ಟು ಮಾಡಿ "ಬಡಿಸಿಟ್ಟ ಮೇಜು" ಅಂತ ಅರ್ಥ ಬರುವ ಹೆಸರಿಟ್ಟು ಗ್ರಂಥ ಬರೆದರೆ, ಇವರು ನಮ್ಮ ಕಡೆಯ ಸಂಪ್ರದಾಯ ಬೇರೆ ಅಂತ ಟಿಪ್ಪಣಿ ಬರೆದು ಅದಕ್ಕೆ "ಮೇಜಿನ ಬಟ್ಟೆ" ಅಂತ ಹೆಸರಿಟ್ಟರಂತೆ. ಅತ್ತೆ ತುಂಬಾ ನಕ್ಕರು, ನಮ್ಮಲ್ಲೂ ಮನೆಮನೆಗೆ ಪದ್ಧತಿ ಬೇರೆ ಅಲ್ವಾ. ಗೋರಿಗಳ ಮೇಲೆ ಹೂ ಇಡಲ್ಲ, ಸಣ್ಣ ಕಲ್ಲು ಇಡುತ್ತಾರೆ. ಅತ್ತೆ ನೆಲದಿಂದ ಒಂದು ಕಲ್ಲು ಹೆಕ್ಕಿ, ಸೆರಗಿನಲ್ಲಿ ಒರೆಸಿ, ಇಟ್ಟರು. ನಾನು ಹೇಳಿಕೊಟ್ಟಿರಲಿಲ್ಲ. ಬೀದಿ ಕಡೆಯ ಗೋಡೆಯನ್ನು ಒಡೆದ ಗೋರಿಕಲ್ಲಿನ ಚೂರುಗಳಿಂದಲೇ ಕಟ್ಟಿದ್ದಾರೆ, ಒಂದರಲ್ಲಿ ಅರ್ಧ ಸಿಂಹ, ಇನ್ನೊಂದರಲ್ಲಿ ಎರಡೇ ಅಕ್ಷರ.

ಆಮೇಲೆ ಐಸಾಕ್ ಸಿನಗಾಗ್, 1644ರದ್ದು. ಪ್ರಾರ್ಥನೆಗಳನ್ನು ಗೋಡೆ ಮೇಲೇ ಬರೆದಿದ್ದಾರೆ, ಪುಸ್ತಕ ಕೊಳ್ಳೋಕೆ ಆಗದವರು ನೋಡಿ ಓದಲಿ ಅಂತ. ಬಣ್ಣ ಮಾಸಿದೆ, ಅಕ್ಷರ ಇನ್ನೂ ಇದೆ.

ಒಂದು ಎಚ್ಚರಿಕೆ. ನಾವು ಹೋದಾಗ ಚೌಕದ ಮಧ್ಯದ ಹಳೇ ಮಾರ್ಕೆಟ್ ಕಟ್ಟಡದಲ್ಲಿ ಮರದ ಗೊಂಬೆಗಳು ಸಿಗುತ್ತಿದ್ದವು. ಗಡ್ಡದ ಯಹೂದಿ, ಕೈಯಲ್ಲಿ ನಾಣ್ಯ. ಅತ್ತೆ ದಸರಾ ಗೊಂಬೆ ಕೂರಿಸುವವರು, ಶೆಟ್ಟಿ ಗೊಂಬೆ ಪಕ್ಕ ಇಡೋಣ ಅಂತ ಆಸೆಪಟ್ಟರು. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಅಂತ ನಂಬಿಕೆಯಂತೆ. ಯಹೂದಿ ಅಂದರೆ ದುಡ್ಡು ಅನ್ನುವ ಹಳೇ ಚುಚ್ಚುಮಾತು ಅದು, ಮತ್ತು ಆ ಜನರಲ್ಲಿ ಬಹುಪಾಲು ಈ ಊರಲ್ಲಿ ಇಲ್ಲವಾಗಿದ್ದಾರೆ. ನನಗೆ ಕೊಳ್ಳೋಕೆ ಮನಸ್ಸಾಗಲಿಲ್ಲ. ಅತ್ತೆ ಮುಖ ಸಣ್ಣ ಮಾಡಿಕೊಂಡರು, ಆಮೇಲೆ ಕಹಳೆ ಊದುವವನ ಗೊಂಬೆ ತಗೊಂಡೆವು.

ರಾತ್ರಿಪಾಳಿ

@ಗೊಂಬೆಮನೆ ಹೇಳಿದ್ದಕ್ಕೆ ಸೇರಿಸುತ್ತೇನೆ. ಯುದ್ಧಕ್ಕೆ ಮುಂಚೆ ಈ ಊರಲ್ಲಿ ಅರವತ್ತು ಸಾವಿರಕ್ಕಿಂತ ಹೆಚ್ಚು ಯಹೂದಿಗಳಿದ್ದರು, ಸುಮಾರು ಕಾಲು ಭಾಗ ಜನ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಗೆಟ್ಟೋ ಕಾಜಿಮ್ಯೆಶ್‌ನಲ್ಲೇ ಇತ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗಲ್ಲ. ನಾಜಿಗಳು 1941ರ ಮಾರ್ಚ್‌ನಲ್ಲಿ ಅವರನ್ನು ನದಿ ಆಚೆ ಪೊದ್‌ಗುಝೆ ಅನ್ನುವ ಕಡೆ ತುಂಬಿದರು, 1943ರ ಮಾರ್ಚ್‌ಗೆ ಅದನ್ನೂ ಖಾಲಿ ಮಾಡಿದರು. ಈ ಕಡೆ ಕಾಜಿಮ್ಯೆಶ್‌ನಲ್ಲಿ ಕಟ್ಟಡಗಳು ಉಳಿದವು. ಟೆಂಪೆಲ್ ಸಿನಗಾಗ್ ಅನ್ನು ಮದ್ದುಗುಂಡು ಇಡೋಕೆ, ಕುದುರೆ ಕಟ್ಟೋಕೆ ಬಳಸಿದರು. ಈಗ ಒಳಗೆ ಹೋದರೆ ಚಿನ್ನದ ಬಣ್ಣ ಮತ್ತು ಬಣ್ಣದ ಗಾಜು ಝಗಮಗ.

ನಾನು ಇಲ್ಲಿ ನಾಲ್ಕು ವರ್ಷದಿಂದ ಇದ್ದರೂ ನನಗೆ ನೆನಪಿರುವುದು ಸಿನಗಾಗ್‌ಗಿಂತ ಒಂದು ಬಾಗಿಲು. ಯೋಜೆಫಾ ಬೀದಿಯಲ್ಲಿ ಹಳೇ ಮನೆಯ ಬಲಗಡೆ ಚೌಕಟ್ಟಲ್ಲಿ, ಭುಜದ ಎತ್ತರಕ್ಕೆ, ಒಂದು ಓರೆ ಗುಳಿ ಇತ್ತು, ಬೆರಳುದ್ದ, ಮೇಲೆ ಮೂರು ನಾಲ್ಕು ಪದರ ಬಣ್ಣ ಬಳಿದಿದ್ದಾರೆ. ಮೆಝುಝಾ ಇದ್ದ ಜಾಗ. ಪ್ರಾರ್ಥನೆ ಬರೆದ ಚೀಟಿಯನ್ನು ಡಬ್ಬಿಯಲ್ಲಿಟ್ಟು ಯಹೂದಿಗಳು ಬಾಗಿಲಿಗೆ ಓರೆಯಾಗಿ ಬಡಿಯುತ್ತಾರೆ, ಅದೇ. ಒಳಗಿಂದ ಯಾರೋ ಸೈಕಲ್ ತಳ್ಳಿಕೊಂಡು ಬಂದರು, ನಾನು ಸರಿದು ನಿಂತೆ. ಅಪ್ಪನಿಗೆ ಹೇಳಿ, ಬಾಗಿಲುಗಳನ್ನು ನೋಡಿಕೊಂಡು ನಡೆಯಲಿ.

"ಹಳೇ ಸಿನಗಾಗ್" ಅಂತಲೇ ಹೆಸರಿರುವುದು ಈಗ ಮ್ಯೂಸಿಯಂ, ಪೂಜೆ ಇಲ್ಲ, ಅದಕ್ಕೆ ಶನಿವಾರದ ತಾಪತ್ರಯ ಇಲ್ಲ. ಒಳಗೆ ಕೆಲವು ಮೆಟ್ಟಿಲು ಇಳಿಯಬೇಕು. ಪೊಪ್ಪರ್ ಸಿನಗಾಗ್ ಈಗ ಪುಸ್ತಕದಂಗಡಿ, ಅಪ್ಪ ಒಳಗೆ ಹೋದರೆ ನಿಮ್ಮ ರೈಲು ತಪ್ಪುತ್ತದೆ.

ಬೆಣ್ಣೆದೋಸೆ_ಬಸವನಗುಡಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಪ್ಲಾನ್ ಉಲ್ಟಾ ಮಾಡಿದೆ: ಶನಿವಾರ ಆಲ್ಟರ್, ಫ್ರಾನ್ಸಿಸ್ಕನ್, ವಾವೆಲ್. ಭಾನುವಾರ ರೆಮು, ಐಸಾಕ್, ಆಗಿದ್ದರೆ ಟೆಂಪೆಲ್. ಪ್ರಸಾದದ ಕತೆ ಓದಿ ಹೇಳಿದೆ, ಅಮ್ಮ ಈಗ ಚರ್ಚಿನಲ್ಲಿ ಎದ್ದೇ ನಿಲ್ಲಲ್ಲ ಅನ್ನುತ್ತಿದ್ದಾರೆ. ಕೊನೆಯ ಪ್ರಶ್ನೆ: ಅವರು ಮೊಟ್ಟೆಯನ್ನೂ ತಿನ್ನಲ್ಲ. ಕಾಜಿಮ್ಯೆಶ್‌ನಲ್ಲಿ ಏನು ತಿನ್ನಿಸಲಿ?

ರಾತ್ರಿಪಾಳಿ

ಪಿಯೆರೋಗಿ ಸಿಗುತ್ತದೆ, ನಮ್ಮ ಕಡುಬಿನ ಥರ, ಆಲೂಗಡ್ಡೆ ಚೀಸ್ ಹಾಕಿದ್ದು ಕೇಳಿ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ವಿಚಾರಿಸಿ, ಕೆಲವರು ಹಾಕುತ್ತಾರೆ. ಮೇಲೆ ಹಂದಿ ಕೊಬ್ಬಿನ ಹುರಿದ ಚೂರು ಉದುರಿಸುತ್ತಾರೆ, ಈರುಳ್ಳಿ ಅಂತ ಅಂದುಕೊಂಡು ತಿಂದುಬಿಡುತ್ತೀರಿ, "ಬೆಸ್ ಸ್ಕ್ವಾರ್ಕುಫ್" ಅಂದರೆ ಹಾಕಲ್ಲ. ಇಲ್ಲದಿದ್ದರೆ ಪ್ಲಾತ್ಸ್ ನೋವಿ ಚೌಕದಲ್ಲಿ ದುಂಡಗಿನ ಕಟ್ಟಡ ಇದೆ, ಅಲ್ಲಿನ ಕಿಂಡಿಗಳಲ್ಲಿ ಝಾಪ್ಯೆಕಾಂಕಾ, ಉದ್ದದ ಬ್ರೆಡ್ಡಿಗೆ ಅಣಬೆ, ಚೀಸ್ ಹಾಕಿ ಸುಟ್ಟದ್ದು. ಅದು ಹಿಂದೆ ಯಹೂದಿಗಳು ಶಾಸ್ತ್ರ ಪ್ರಕಾರ ಕೋಳಿ ಕೊಯ್ಯುತ್ತಿದ್ದ ಕಟ್ಟಡ. ಅಮ್ಮ ತಿಂದು ಕೈ ತೊಳೆದ ಮೇಲೆ ಹೇಳಿ.