ಲಕ್ವ ಆದ ಅಪ್ಪ ಮಂಕಾಗಿದ್ದಾರೆ, ಮಾತೂ ಬರುವುದಿಲ್ಲ. ಡಿಪ್ರೆಶನ್ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಅಪ್ಪನಿಗೆ 64 ವರ್ಷ. ಮೂರು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಯಿತು. ಮಾತು "ಹೂಂ", "ಬೇಡ" ಅಷ್ಟೇ. ಮೊದಲ ತಿಂಗಳು ಫಿಸಿಯೋಗೆ ಚೆನ್ನಾಗಿಯೇ ಒಗ್ಗಿದ್ದರು. ಈಗ ಫಿಸಿಯೋದವರು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಾರೆ, ಊಟ ಅರ್ಧಕ್ಕೇ ಬಿಡುತ್ತಾರೆ. ನೆಂಟರು ಸೋಮಾರಿತನ ಅನ್ನುತ್ತಾರೆ. ಮಾತೇ ಬಾರದವರಿಗೆ ಡಿಪ್ರೆಶನ್ ಇದೆಯಾ ಅಂತ ಪತ್ತೆ ಮಾಡುವುದು ಹೇಗೆ?

ಉತ್ತರ (ಮನೋವೈದ್ಯೆ): ನೆಂಟರ ಮಾತು ಬಿಡಿ. ಲಕ್ವ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಡಿಪ್ರೆಶನ್ ಬರುತ್ತದೆ. "ಕೈಕಾಲು ಹೋದಮೇಲೆ ಬೇಜಾರಾಗದೆ ಇರುತ್ತಾ" ಅಂತ ಮನೆಯವರು ಸುಮ್ಮನಾಗುತ್ತಾರೆ. ನಿಜ ಹೇಳಬೇಕೆಂದರೆ ನಾವು ಡಾಕ್ಟರುಗಳೂ ಎಷ್ಟೋ ಸಲ ಹಾಗೇ ಮಾಡುತ್ತೇವೆ.

ಮಾತು ಬರುವವರಿಗೆ ಪಿಎಚ್‌ಕ್ಯೂ-9 ಕೇಳುತ್ತೇವೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಜಾಸ್ತಿ ಬಂದರೆ ಕೂತು ವಿವರವಾಗಿ ವಿಚಾರಿಸುತ್ತೇವೆ. ಅಂಕ ಬಂದ ಮಾತ್ರಕ್ಕೆ ಡಿಪ್ರೆಶನ್ ಅಂತಲ್ಲ. ನಿದ್ದೆ, ಹಸಿವು, ಸುಸ್ತು ಲಕ್ವದಿಂದಲೇ ಕೆಟ್ಟಿರಬಹುದು ಅಲ್ವಾ?

ನಿಮ್ಮ ತಂದೆಗೆ ಇದು ನಡೆಯುವುದಿಲ್ಲ. ಅವರು ತಲೆಯಾಡಿಸಿದ್ದನ್ನೂ ಪೂರ್ತಿ ನಂಬಬೇಡಿ. ಮಾತು ಹೋದವರಲ್ಲಿ ಹೌದು, ಅಲ್ಲ ಅದಲುಬದಲಾಗುವುದುಂಟು. ಇಂಥವರಿಗೆ ಎಸ್‌ಎಡಿಕ್ಯೂ-10 ಅಂತ ಬೇರೆ ಪ್ರಶ್ನಾವಳಿ ಇದೆ. ಅದಕ್ಕೆ ಉತ್ತರ ಕೊಡುವವರು ರೋಗಿಯಲ್ಲ, ನೋಡಿಕೊಳ್ಳುವವರು. ಅಳುತ್ತಾರಾ, ರಾತ್ರಿ ಹೊರಳಾಡುತ್ತಾರಾ, ಮುಖ ಕೊಟ್ಟು ನೋಡದೆ ಇರುತ್ತಾರಾ, ಸಿಡುಕುತ್ತಾರಾ, ಏನೂ ಮಾಡದೆ ಕೂತೇ ಇರುತ್ತಾರಾ, ಹೀಗೆ. ಆಸ್ಪತ್ರೆಗೆ ಸಾಮಾನ್ಯವಾಗಿ ಮಗ ಬರುತ್ತಾನೆ, ಗೊತ್ತಿರುವುದು ಹೆಂಡತಿಗೆ. ಹಾಗಾಗಿ ಅಮ್ಮನನ್ನು ಕರೆದುಕೊಂಡೇ ಬನ್ನಿ. ಥೈರಾಯ್ಡ್, ಬಿ12, ಸೋಡಿಯಂ ರಕ್ತ ಪರೀಕ್ಷೆಯನ್ನೂ ಮಾಡಿಸಿ.

ಪ್ರಶ್ನಿಸಿದವರು: ಟಿವಿಯಲ್ಲಿ ಯಾರದೋ ಮದುವೆ ತೋರಿಸಿದರೂ ಗೊಳೋ ಅಂತ ಅಳುತ್ತಾರೆ. ಅರ್ಧ ನಿಮಿಷಕ್ಕೆ ನಿಂತುಹೋಗುತ್ತದೆ.

ಉತ್ತರ: ಅದು ಬೇರೆಯೇ ಇರಬಹುದು. ಅಳು, ನಗುವನ್ನು ಹಿಡಿತದಲ್ಲಿಡುವ ಮಿದುಳಿನ ದಾರಿಗೆ ಪೆಟ್ಟಾದರೆ ಮನಸ್ಸಿನಲ್ಲಿ ದುಃಖವಿಲ್ಲದಿದ್ದರೂ ಅಳು ಉಕ್ಕುತ್ತದೆ. ಡಿಪ್ರೆಶನ್ ಜೊತೆಗೂ ಇರಬಹುದು. ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿ ತನ್ನಿ, ನೋಡಿದರೆ ಸುಲಭ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ, ಲಕ್ವ ಆದವರಿಗೆಲ್ಲ ಮೊದಲೇ ಡಿಪ್ರೆಶನ್ ಮಾತ್ರೆ ಕೊಟ್ಟುಬಿಟ್ಟರೆ?

ಉತ್ತರ: ಬ್ರಿಟನ್ನಿನಲ್ಲಿ ಅದನ್ನೇ ಮಾಡಿ ನೋಡಿದ್ದಾರೆ. ಫೋಕಸ್ ಅನ್ನುವ ಅಧ್ಯಯನ, 3,127 ರೋಗಿಗಳು. ಅರ್ಧದಷ್ಟು ಜನರಿಗೆ ಫ್ಲುಆಕ್ಸೆಟಿನ್ ಅನ್ನುವ ಡಿಪ್ರೆಶನ್ ಮಾತ್ರೆ, ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳು. ಡಿಪ್ರೆಶನ್ ಸ್ವಲ್ಪ ಕಡಿಮೆಯಾಯಿತು. ಆದರೆ ಓಡಾಟ, ದಿನದ ಕೆಲಸದಲ್ಲಿ ಚೇತರಿಕೆ ಹೆಚ್ಚಲಿಲ್ಲ, ಮೂಳೆ ಮುರಿತ ಮಾತ್ರ ಜಾಸ್ತಿಯಾಯಿತು. ಡಿಪ್ರೆಶನ್ ಇದೆ ಅಂತ ಖಚಿತವಾದವರ ವಿಷಯ ಬೇರೆ, ಅವರಿಗೆ ಮಾತ್ರೆ ಬೇಕಾಗಬಹುದು.

ಒಂದು ಮರೆತೆ. ಊಟ, ನೀರು ಪೂರ್ತಿ ಬಿಟ್ಟರೆ, ಸಾಯುವ ಸನ್ನೆ ಮಾಡಿದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಮ್ಮನಿಗೂ ಸಾಕಾಗಿರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನಿಸಿದವರು: ಅಮ್ಮನನ್ನು ಈಗ ಕೇಳಿದೆ ಮೇಡಂ. ರಾತ್ರಿ ಎರಡಕ್ಕೆ ಎಚ್ಚರಾಗಿ ಬೆಳಗಿನ ತನಕ ಹಾಗೇ ಇರುತ್ತಾರಂತೆ. ನಮಗೆ ಗೊತ್ತೇ ಇರಲಿಲ್ಲ. ಸೋಮವಾರ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ.