ಜೋರ್ಕಿ-4: ಇನ್ಫಿನಿಟಿಯಲ್ಲಿ ಬಿಂಬ ಕೂಡ್ತಿಲ್ಲ

ದುರ್ಗದ_ಕ್ಲಿಕ್:
ನನ್ನದು ಜೋರ್ಕಿ-4 (ಹಳೇ ಸೋವಿಯತ್ ಫಿಲ್ಮ್ ಕ್ಯಾಮೆರಾ), ಜುಪಿಟರ್-8 ಲೆನ್ಸ್. ಫೋಕಸ್ ಇನ್ಫಿನಿಟಿಗೆ (ಅತಿ ದೂರಕ್ಕೆ) ತಿರುಗಿಸಿ ಜೋಗಿಮಟ್ಟಿ ಕಡೆಯ ವಿಂಡ್‌ಮಿಲ್ ನೋಡಿದ್ರೆ ಕಂಬ ಎರಡೆರಡು ಕಾಣುತ್ತೆ. ನೆಗೆಟಿವ್‌ನಲ್ಲಿ ಕಪ್ಪು ಚುಕ್ಕೆಗಳೂ ಇವೆ. ಮನೇಲೇ ಸರಿ ಮಾಡ್ಬಹುದಾ ಸರ್?

ಹಳೇ_ಶಟರ್, ದಾವಣಗೆರೆ:
ಮಾಡ್ಬಹುದು. ಆದ್ರೆ ರೇಂಜ್‌ಫೈಂಡರ್ (ಎರಡು ಬಿಂಬ ಕೂಡಿಸಿ ಫೋಕಸ್ ತೋರಿಸೋ ಭಾಗ) ಸ್ಕ್ರೂಗೆ ಮೊದಲೇ ಕೈ ಹಾಕ್ಬೇಡಿ. ಲೆನ್ಸೇ ಸರಿ ಇಲ್ಲದಿದ್ರೆ ತಪ್ಪಿಗೆ ತಪ್ಪನ್ನೇ ಹೊಂದಿಸಿದಂಗಾಗುತ್ತೆ. ಹಿಂದಿನ ಮುಚ್ಚಳ ಕಳಚಿ, ಫಿಲ್ಮ್ ಕೂರುವ ಒಳಗಿನ ಹಳಿಗಳ ಮೇಲೆ (ಹೊರಗಿನವಲ್ಲ) ಮಬ್ಬು ಟೇಪ್ ಬಿಗಿಯಾಗಿ ಅಂಟಿಸಿ. ಅಪರ್ಚರ್ ಎಫ್/2, ಶಟರ್ 'ಬಿ'ಯಲ್ಲಿ (ಒತ್ತಿರುವಷ್ಟು ಹೊತ್ತು ತೆರೆದಿರುತ್ತೆ) ಒತ್ತಿ ಹಿಡಿದು ಭೂತಗನ್ನಡಿಯಿಂದ ನೋಡಿ. ಕಂಬ ಚೂಪಾಗಿದ್ರೆ ಲೆನ್ಸ್ ಸರಿ. ಬೆಳಿಗ್ಗೆಯೇ ಮಾಡಿ, ಮಧ್ಯಾಹ್ನದ ಬಿಸಿಗಾಳಿಗೆ ಕಂಬವೇ ನಡುಗುತ್ತೆ.

ಆಮೇಲೆ ಮುಂಭಾಗದ ಸಣ್ಣ ಮುಚ್ಚಳದ ಸ್ಕ್ರೂ ತೆಗೀರಿ, ರೇಂಜ್‌ಫೈಂಡರ್ ಬಿಂಬದ ಅಡ್ಡ ಹೊಂದಾಣಿಕೆ ಅದರೊಳಗಿದೆ. ಕೂದಲೆಳೆಯಷ್ಟೇ ತಿರುಗಿಸಿ. ಬಿಂಬ ಮೇಲೆ-ಕೆಳಗೆ ಆಗಿದ್ರೆ ಮುಂಭಾಗದ ರೇಂಜ್‌ಫೈಂಡರ್‌ನ ಚಿಕ್ಕ ಕಿಂಡಿಯ ಗಾಜು ತಿರುಗಿಸ್ಬೇಕು. ಅದು ಅಡ್ಡ ಹೊಂದಾಣಿಕೆಯನ್ನೂ ಕದಲಿಸುತ್ತೆ, ಹಾಗಾಗಿ ಎರಡನ್ನೂ ಮತ್ತೆ ನೋಡಿ. ಕೊನೆಗೆ 1 ಮೀಟರ್‌ನಲ್ಲೂ ಪರೀಕ್ಷಿಸಿ. ಅಳತೆ ಫಿಲ್ಮ್ ಇರುವ ಜಾಗದಿಂದ, ಲೆನ್ಸ್ ಮೂತಿಯಿಂದಲ್ಲ.

ಬೆಣ್ಣೆನಗರಿ_35:
ಚುಕ್ಕೆಗೆ ಕಾರಣ ಶಟರ್ ಪರದೆಯ ತೂತು. ಲೆನ್ಸ್ ತೆಗೆದು, ಕತ್ತಲ ಕೋಣೆಯಲ್ಲಿ ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿ. ಶಟರ್ ಎಳೆದೊಮ್ಮೆ (ವೈಂಡ್ ಮಾಡಿ), ಬಿಟ್ಟೊಮ್ಮೆ, ಆಗ ಎರಡೂ ಪರದೆ ಸಿಗುತ್ತೆ. ಕಪ್ಪು ಫ್ಯಾಬ್ರಿಕ್ ಪೇಂಟ್ ತೆಳ್ಳಗೆ ಹಚ್ಚಿ, ಒಂದು ದಿನ ಒಣಗಲಿ. ನೇಲ್ ಪಾಲಿಶ್ ಬೇಡ, ರೋಲರ್‌ಗೆ ಸುತ್ತಿದಾಗ ಬಿರಿಯುತ್ತೆ.

ನಮ್ಮ ಕಡೆ ಬಿಸಿಲಲ್ಲಿ ಲೆನ್ಸ್ ಕ್ಯಾಪ್ ತೆಗೆದು ಇಡ್ಬೇಡಿ, ಸೂರ್ಯ ಪರದೆ ಸುಟ್ಟುಬಿಡ್ತಾನೆ. ಶಟರ್ ಸ್ಪೀಡ್ ಬದಲಿಸೋದು ಯಾವಾಗ್ಲೂ ಶಟರ್ ಎಳೆದ ಮೇಲೆ.