ಮೈ ಎದ್ದಿತೋ, ನಂಬಿಕೆ ಎದ್ದಿತೋ?

ಕಾಜುಬಾಗದ ಓದುಗ:
ಸತ್ತ ಯೇಸು ಮತ್ತೆ ಎದ್ದ ಹಬ್ಬ ಪಾಸ್ಕ, ಅಂದರೆ ಈಸ್ಟರ್. ಅದರ ಹಿಂದಿನ ರಾತ್ರಿ ಇಗರ್ಜಿ ಎದುರು ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿ ಹಚ್ಚಿದರು. ಆಗ ಅಕ್ಕನ ಮಗಳು ಕಿವಿಯಲ್ಲಿ ಕೇಳಿದಳು: "ಮಾಮಾ, ಯೇಸುವಿನ ಮೈ ನಿಜವಾಗಿ ಎದ್ದಿತಾ?" ಹೂಂ ಅನ್ನಲು ಬಾಯಿ ಬರಲಿಲ್ಲ. ಜರ್ಮನಿಯ ದೇವಶಾಸ್ತ್ರಜ್ಞ ರುಡಾಲ್ಫ್ ಬುಲ್ಟ್‌ಮನ್ 1941ರಲ್ಲೇ ಹೇಳಿದ್ದರು, ಕರೆಂಟ್ ದೀಪ, ರೇಡಿಯೋ ಬಳಸುವವರು ಹೊಸ ಒಡಂಬಡಿಕೆಯ ಪವಾಡಗಳನ್ನು ಇದ್ದ ಹಾಗೇ ನಂಬಲಾರರು ಎಂದು. ಯೇಸು ಎದ್ದದ್ದು ಶಿಷ್ಯರು ಸಾರಿದ ಮಾತಿನಲ್ಲಿ ಎಂಬುದು ಅವರ ವಾದ. ನನಗೂ ಹಾಗೇ ಅನ್ನಿಸುತ್ತದೆ. ಸಮಾಧಿ ಖಾಲಿಯಿತ್ತೋ ಇಲ್ಲವೋ, ನನ್ನ ನಂಬಿಕೆ ಅದರ ಮೇಲೆ ನಿಂತಿಲ್ಲ.

ಮಾಜಾಳಿ ದಂಡೆ:
"ನಿಂತಿಲ್ಲ" ಅಂತೀರಾ? ಮೊದಲ ಕಾಲದ ಧರ್ಮಪ್ರಚಾರಕ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ತೆಗೆಯಿರಿ. ಕ್ರಿಸ್ತ ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಅಂತ ನೇರವಾಗಿ ಹೇಳಿದ್ದಾನೆ. ಐನೂರಕ್ಕಿಂತ ಜಾಸ್ತಿ ಜನ ನೋಡಿದ್ದಾರೆ, ಅವರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ ಅಂತಲೂ ಬರೆದಿದ್ದಾನೆ. ಬೇಕಾದರೆ ಹೋಗಿ ಕೇಳಿ ಅಂದ ಹಾಗೆ ಅಲ್ವಾ?

ಶಿರಸಿ ಮಳೆ:
ಅದೇ ಅಧ್ಯಾಯದ 44ನೇ ವಚನ ಯಾಕೆ ಬಿಟ್ಟಿರಿ? ಎದ್ದು ಬರುವುದು "ಆತ್ಮಿಕ ದೇಹ" ಅಂತ ಪೌಲನೇ ಹೇಳುತ್ತಾನೆ. ಖಾಲಿ ಸಮಾಧಿ ಎಂಬ ಮಾತು ಅವನ ಪತ್ರಗಳಲ್ಲೇ ಇಲ್ಲ. ನಾಲ್ಕನೇ ಶತಮಾನದ ಎರಡು ಹಳೆಯ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆಯ (ಯೇಸುವಿನ ಕಥೆ ಹೇಳುವ ಪುಸ್ತಕ) ಕೊನೆಯ ಅಧ್ಯಾಯ 8ನೇ ವಚನಕ್ಕೆ ಮುಗಿಯುತ್ತದೆ. ಸಮಾಧಿಗೆ ಹೋದ ಹೆಂಗಸರು ಹೆದರಿ ಓಡುತ್ತಾರೆ, ಅಷ್ಟೇ. ಎದ್ದ ಯೇಸುವನ್ನು ಅಲ್ಲಿ ಯಾರೂ ನೋಡುವುದಿಲ್ಲ.

ಮಾಜಾಳಿ ದಂಡೆ:
"ಆತ್ಮಿಕ" ಓದಿದಿರಿ, ಪಕ್ಕದಲ್ಲೇ ಇರುವ "ದೇಹ" ಕಾಣಲಿಲ್ವಾ? ಲೂಕನ ಸುವಾರ್ತೆ 24ರಲ್ಲಿ ಸುಟ್ಟ ಮೀನು ತಿಂದದ್ದು ಯಾರು? ಯೊವಾನ್ನನ ಸುವಾರ್ತೆ 21ರಲ್ಲಿ ಎದ್ದ ಯೇಸು ಶಿಷ್ಯರಿಗೆ ಕಾಣುತ್ತಾನೆ: ದಂಡೆ ಮೇಲೆ ಕೆಂಡ, ಕೆಂಡದ ಮೇಲೆ ಮೀನು. ಬಲೆಯಲ್ಲಿ 153 ಮೀನು. ಮನಸ್ಸಿಗೆ ತೋಚಿದ್ದನ್ನು ಬರೆಯುವವರು ಮೀನು ಎಣಿಸುತ್ತಾರಾ?

ಕಾಜುಬಾಗದ ಓದುಗ:
153 ಲೆಕ್ಕವಲ್ಲ, ಸಂಕೇತ. 1ರಿಂದ 17ರವರೆಗೆ ಕೂಡಿಸಿ ನೋಡಿ, 153 ಬರುತ್ತದೆ. ಸಂತ ಅಗಸ್ಟೀನರೇ ತೋರಿಸಿದ್ದು.

ಮಾಜಾಳಿ ದಂಡೆ:
ನಮ್ಮಜ್ಜ ರಂಪಣಿ, ಅಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ, ಎಳೆದವರು. ಬಲೆ ದಂಡೆಗೆ ಬಂತು ಅಂದರೆ ಪಾಲು ಹಾಕಬೇಕು. ತಾರ್ಲೆ, ಬಾಂಗಡೆ ಆದರೆ ಬುಟ್ಟಿ ಲೆಕ್ಕ. ದೊಡ್ಡ ಮೀನು ಬಿದ್ದರೆ ಮರಳಿನ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಎಣಿಸುತ್ತಿದ್ದರು. ಯೊವಾನ್ನ "ದೊಡ್ಡ ಮೀನು" ಅಂತಲೇ ಬರೆದಿದ್ದಾನೆ. ಇದು ಪಾಲಿನ ಲೆಕ್ಕ.

ಶಿರಸಿ ಮಳೆ:
ಯೊವಾನ್ನನ ಆ ಮೀನು ಸಿಕ್ಕಿದ ಗಲಿಲಾಯ ಸಿಹಿನೀರಿನ ಸರೋವರ. ರಂಪಣಿ ಲೆಕ್ಕ ಅಲ್ಲಿಗೆ ಹಚ್ಚಬೇಡಿ.

ಮಾಜಾಳಿ ದಂಡೆ:
ಸಿಹಿನೀರಾದರೆ ಪಾಲು ಹಂಚುವುದಿಲ್ವಾ ಮಾರಾಯ್ರೇ? ಅಷ್ಟು ಮೀನಿದ್ದರೂ ಬಲೆ ಹರಿಯಲಿಲ್ಲ ಅಂತಲೂ ಬರೆದಿದ್ದಾನೆ. ರಾತ್ರಿ ಕೂತು ಬಲೆ ಹೆಣೆದವನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಅಂಕೋಲೆ ಅಕ್ಕೋರು:
ಮೀನು ಸಾಕು ಮಾಡಿ. ಸಮಾಧಿಗೆ ಮೊದಲು ಹೋದವರು ಹೆಂಗಸರು. ಆ ಕಾಲದ ಯೆಹೂದ್ಯರಲ್ಲಿ ಹೆಂಗಸರ ಸಾಕ್ಷಿ ಒಪ್ಪುತ್ತಿರಲಿಲ್ಲ ಅಂತ ಆ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಕಥೆ ಕಟ್ಟುವವರು ಆ ಹೆಂಗಸರಲ್ಲಿ ಒಬ್ಬಳಾದ ಮಗ್ದಲದ ಮರಿಯಳನ್ನು ಮುಂದೆ ನಿಲ್ಲಿಸುತ್ತಿದ್ದರಾ? ಪಿಂಖಾಸ್ ಲಾಪಿಡೆ ಸಂಪ್ರದಾಯಸ್ಥ ಯೆಹೂದಿ. ಯೇಸುವನ್ನು ಇಸ್ರೇಲಿನ ಮೆಸ್ಸೀಯ (ದೇವರು ಕಳಿಸುವ ರಕ್ಷಕ) ಅಂತ ಒಪ್ಪಲಿಲ್ಲ. ಆದರೆ ಯೇಸು ಎದ್ದದ್ದು ನಡೆದ ಘಟನೆ ಅಂತ ಒಪ್ಪಿದರು.

ಶಿರಸಿ ಮಳೆ:
"ಬಲೆ ಹರಿಯಲಿಲ್ಲ" ಅಂದಿರಲ್ಲ, ಲೂಕ 5 ಓದಿ. ಅಲ್ಲೂ ರಾತ್ರಿಯಿಡೀ ಮೀನು ಸಿಕ್ಕಿಲ್ಲ, ಯೇಸು ಹೇಳಿದ ಮೇಲೆ ರಾಶಿ ಮೀನು. ಆದರೆ ಅಲ್ಲಿ ಬಲೆ ಹರಿಯುತ್ತದೆ, ಅದೂ ಯೇಸು ಸಾಯುವುದಕ್ಕೆ ಎಷ್ಟೋ ಮೊದಲು. ಒಂದೇ ಕಥೆ ಎರಡು ಕಡೆ ಬಂದಿದೆ. ಇದೇನಾ ಕಣ್ಣಾರೆ ಕಂಡ ಸಾಕ್ಷಿ?

ಮಾಜಾಳಿ ದಂಡೆ:
ಜನ್ಮದಲ್ಲಿ ಒಮ್ಮೆಯಾದರೂ ಬಲೆಗೆ ಕೈ ಹಚ್ಚಿದ್ದೀರಾ? ಘಟ್ಟದ ಮೇಲೆ ಕೂತು ನಮಗೆ ಬಲೆ ಪಾಠ ಹೇಳಬೇಡಿ. ಒಂದೇ ನೀರಿನಲ್ಲಿ ಎರಡು ಸಲ ಒಳ್ಳೆ ಮೀನು ಬೀಳಬಾರದಾ?

ಶಿರಸಿ ಮಳೆ:
ಬಲೆ ಎಳೆದವರು ಮಾತ್ರ ಬೈಬಲ್ ಓದಬೇಕು ಅನ್ನುವುದಾದರೆ ನನ್ನ ಹತ್ತಿರ ಮಾತಿಲ್ಲ.

ಕಾಜುಬಾಗದ ಓದುಗ:
ಅಕ್ಕೋರೇ, ಪೌಲನ ಸಾಕ್ಷಿಗಳ ಪಟ್ಟಿ ಸುವಾರ್ತೆಗಳಿಗಿಂತ ಹಳೆಯದು. ಅದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಶಿಲುಬೆಗೆ ಹಾಕಿದವರ ಹೆಣ ಸಮಾಧಿಗೆ ಸೇರುವುದೇ ಅಪರೂಪ ಅಂತ ಬೈಬಲ್ ವಿದ್ವಾಂಸ ಜಾನ್ ಡೊಮಿನಿಕ್ ಕ್ರಾಸನ್ ವಾದ.

ಅಂಕೋಲೆ ಅಕ್ಕೋರು:
ಅಪರೂಪ ಅಂದರೆ ಇಲ್ಲ ಅಂತಲ್ಲ. 1968ರಲ್ಲಿ ಜೆರುಸಲೇಮಿನ ಹತ್ತಿರ ಒಬ್ಬನ ಹಿಮ್ಮಡಿ ಎಲುಬು ಸಿಕ್ಕಿತು, ಶಿಲುಬೆಯ ಮೊಳೆ ಅದರಲ್ಲಿ ಹಾಗೇ ಇತ್ತು. ಸಿಕ್ಕಿದ್ದು ಸಮಾಧಿಯೊಳಗೆ, ಸತ್ತವರ ಎಲುಬು ತುಂಬಿಡುವ ಪೆಟ್ಟಿಗೆಯಲ್ಲಿ. ಅವನಿಗೆ ಸಮಾಧಿ ಸಿಕ್ಕಿತಲ್ಲ? ಇನ್ನು ಪಟ್ಟಿಯಲ್ಲಿ ಹೆಂಗಸರ ಹೆಸರು ಬಿಟ್ಟುಹೋಗಿದ್ದು ನನ್ನ ಮಾತಿಗೇ ಪುರಾವೆ. ಅವರ ಸಾಕ್ಷಿ ನಡೆಯುತ್ತಿರಲಿಲ್ಲ ಅಂತಲೇ ನಾನು ಹೇಳಿದ್ದು. ಅದಿರಲಿ, ಆ ಹುಡುಗಿಗೆ ಏನು ಹೇಳಿದಿರಿ?

ಕಾಜುಬಾಗದ ಓದುಗ:
ಏನೂ ಹೇಳಲಿಲ್ಲ. ಅವಳ ಬತ್ತಿಯ ಮೇಣ ಬೆರಳ ಮೇಲೆ ಬಿತ್ತು, ಒರೆಸಿದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಮಾಜಾಳಿ ದಂಡೆ:
ಸುಳ್ಳು ಯಾಕೆ ಹೇಳ್ತೀರಿ? ಯೊವಾನ್ನ 21 ಓದಿ ತೋರಿಸಿ, 11ನೇ ವಚನ ಬಿಡಬೇಡಿ. ನಿಮಗೆ ಆಗದಿದ್ದರೆ ಭಾನುವಾರ ಪೂಜೆ ಮುಗಿದ ಮೇಲೆ ನಾನೇ ಬಂದು ಓದ್ತೇನೆ.